ಬಾಡಿಗೆ ದೋಣಿಯ ಮೀನುಗಾರಿಕೆ: ನಡತೆಯೇ ಬಂಡವಾಳ

ಬೇಸಾಯದ ಆದಾಯವೊಂದನ್ನೇ ನಂಬಿ ಕುಳಿತರೆ ವರ್ಷವಿಡೀ ಸಂಸಾರ ಸಾಗದು ಎಂಬುದು ನಮ್ಮ ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಹೈನು, ಕುರಿ, ಕೋಳಿ, ರೇಷ್ಮೆ, ಜೇನು ಮುಂತಾದ ಉಪಕಸುಬುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಸೇರಿದೆ. ಅದು ಪಟ್ಟಣದಿಂದ ಬರುವ ಅತಿಥಿಗಳನ್ನು ಹಳ್ಳಿಯಲ್ಲಿ ಉಳಿಸಿಕೊಂಡು ಅವರಿಗೆ ಊಟ, ವಸತಿ, ವಿಹಾರಗಳನ್ನು ಒದಗಿಸುವ ಕೆಲಸ. ಹೊಳೆ, ಜಲಾಶಯ ಅಥವಾ ಸಮುದ್ರದ ಬದಿಯ ಊರುಗಳಲ್ಲಿ ವಿಹಾರವೆಂದರೆ ಮೊದಲು ದೋಣಿ, ದೋಣಿಯ ಜೊತೆಗೆ ಗಾಳ. ಅತಿಥಿಯು ಅರ್ಧ ದಿನಕ್ಕೋ ಇಡೀ ದಿನಕ್ಕೋ ದೋಣಿಯನ್ನು ಬಾಡಿಗೆಗೆ ಗೊತ್ತುಮಾಡುತ್ತಾನೆ. ದೋಣಿ, ಗಾಳ, ಎರೆ, ನಡೆಸುವ ಆಳು ಎಲ್ಲವೂ ದೋಣಿಯವನದು. ಮೀನು ಹಿಡಿಯುವ ಸಂತೋಷ ಮಾತ್ರ ಅತಿಥಿಯದು.

ಬೇಸಾಯಶಾಸ್ತ್ರದವನಿಗೆ ದೋಣಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಹೊಳೆಯ ಬದಿಯಲ್ಲಿ ದೋಣಿ ಇಟ್ಟವರಲ್ಲಿ ಹಲವರು ಅದೇ ದಂಡೆಯ ಮೇಲೆ ರಾಗಿ, ಭತ್ತ ಬೆಳೆಯುವವರೇ ಆಗಿದ್ದಾರೆ. ದೋಣಿಗೆ ಸಾಲ ಎಲ್ಲಿ ಸಿಗುತ್ತದೆ, ಯಾವ ಎಂಜಿನ್ ಒಳ್ಳೆಯದು, ಎಂಥ ಗಾಳ ತರಿಸಬೇಕು ಎಂದು ಅವರು ವಿಚಾರಿಸುತ್ತಾರೆ. ದೋಣಿ ಹತ್ತಿದವರೊಡನೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳುವವರು ಅಪರೂಪ. ನನ್ನ ಅಭಿಪ್ರಾಯದಲ್ಲಿ ಈ ಕಸುಬು ಉಳಿಯುವುದೂ ಅಳಿಯುವುದೂ ಆ ಒಂದು ಪ್ರಶ್ನೆಯ ಮೇಲೆಯೇ. ದೋಣಿಯವನಲ್ಲಿ ಇರಬೇಕಾದ ಗುಣಗಳಲ್ಲೆಲ್ಲ ಮೇಲಾದುದು, ಅಗತ್ಯ ಬಿದ್ದಾಗ ಅತಿಥಿಗೆ ವಿನಯದಿಂದ ‘ಆಗದು’ ಎನ್ನುವ ಧೈರ್ಯ. ಇದನ್ನೇ ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಅತಿಥಿ ಕೊಳ್ಳುವುದು ಏನನ್ನು?

ಮಾರುಕಟ್ಟೆಯಲ್ಲಿ ಒಂದು ಕಿಲೋ ಕಾಟ್ಲಾ ಮೀನಿಗೆ ಏನು ಬೆಲೆಯಿದೆಯೆಂಬುದು ಎಲ್ಲರಿಗೂ ಗೊತ್ತು. ಅತಿಥಿಗೆ ಮೀನೇ ಬೇಕಾಗಿದ್ದರೆ ಚೀಲ ಹಿಡಿದು ಸಂತೆಗೆ ಹೋಗುತ್ತಿದ್ದ. ಅದರ ಎಷ್ಟೋ ಪಟ್ಟು ಹಣ ಕೊಟ್ಟು, ನಸುಕಿನಲ್ಲೇ ಎದ್ದು, ಬಿಸಿಲಿನಲ್ಲಿ ಕುಳಿತು ಅವನು ಕೊಳ್ಳುವುದು ನೀರಿನ ಮೇಲಿನ ಒಂದು ದಿನವನ್ನು. ಆ ದಿನ ಮೀನು ಬೀಳುತ್ತದೆಯೋ ಇಲ್ಲವೋ ಎಂಬುದು ದೋಣಿಯವನ ಕೈಯಲ್ಲಿಲ್ಲ. ನೀರಿನ ಬಿಸಿ, ಕೆಸರು, ಗಾಳಿ, ಮೀನಿನ ಹಸಿವು ಇವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಮಳೆ ನಮ್ಮ ಕೈಯಲ್ಲಿಲ್ಲ, ಬದು ನಮ್ಮ ಕೈಯಲ್ಲಿದೆ ಎಂಬುದು ಬೇಸಾಯಗಾರನಿಗೆ ತಿಳಿದ ಸಂಗತಿ. ದೋಣಿಯವನ ಬದು ಎಂದರೆ ಅವನ ನಡತೆ.

ಬಾಡಿಗೆ ದೋಣಿಗಳ ಮೀನುಗಾರಿಕೆ ದೊಡ್ಡ ಕಸುಬಾಗಿ ಬೆಳೆದಿರುವುದು ಅಮೆರಿಕದ ಕಡಲತೀರದಲ್ಲಿ. ಫ್ಲಾರಿಡಾದ ಡೆಸ್ಟಿನ್, ನ್ಯೂಯಾರ್ಕ್ ರಾಜ್ಯದ ಮಾಂಟಾಕ್ ಮುಂತಾದ ಊರುಗಳು ಇದಕ್ಕೆ ಹೆಸರಾಗಿವೆ. ಅಲ್ಲಿಯ ದೋಣಿಯಲ್ಲಿ ಒಬ್ಬ ಮುಖ್ಯಸ್ಥ, ಅವನ ಕೈಕೆಳಗೆ ಒಬ್ಬನೋ ಇಬ್ಬರೋ ಸಹಾಯಕರು ಇರುತ್ತಾರೆ. ನಮ್ಮ ಕರಾವಳಿಯ ಮಾತಿನಲ್ಲಿ ಹೇಳುವುದಾದರೆ ಒಬ್ಬ ತಾಂಡೇಲ, ಒಬ್ಬ ಕಲಾಸಿ. ತಾಂಡೇಲನಿಗೆ ಸರ್ಕಾರದ ಪರವಾನಗಿ ಇರಲೇಬೇಕು. ಕಲಾಸಿಯು ಗಾಳಕ್ಕೆ ಎರೆ ಕಟ್ಟುತ್ತಾನೆ, ಸಿಕ್ಕುಬಿದ್ದ ದಾರ ಬಿಡಿಸುತ್ತಾನೆ, ಬಿದ್ದ ಮೀನನ್ನು ದೋಣಿಗೆ ಎಳೆದುಕೊಳ್ಳಲು ನೆರವಾಗುತ್ತಾನೆ, ದಡಕ್ಕೆ ಬಂದ ಮೇಲೆ ಮೀನನ್ನು ಹಸನು ಮಾಡಿ ಕೊಡುತ್ತಾನೆ. ಗಾಳಿ ಹೆಚ್ಚಾಗಿ ದೋಣಿ ಹೊರಡದಿದ್ದರೆ ಅತಿಥಿಗೆ ಹಣ ವಾಪಸು ಅಥವಾ ಬೇರೊಂದು ದಿನ ಕೊಡುವುದು ಅಲ್ಲಿಯ ಸಾಮಾನ್ಯ ವಾಡಿಕೆ. ಹೊರಟ ಮೇಲೆ ಮೀನು ಬೀಳದಿದ್ದರೆ ಹಣ ವಾಪಸಿಲ್ಲ. ಎರಡನ್ನೂ ಮೊದಲೇ ಹೇಳಿಬಿಡುವುದರಿಂದ ತಕರಾರಿಗೆ ಎಡೆ ಕಡಮೆ.

ಅಂಥ ಕಡೆಯೂ ಅತಿಥಿಗಳ ದೂರು ಇಲ್ಲದಿಲ್ಲ. ಆ ದೂರುಗಳು ಮೀನು ಬೀಳಲಿಲ್ಲ ಎಂಬುದಕ್ಕಿಂತ ಹೆಚ್ಚಾಗಿ ದೋಣಿಯವರ ನಡತೆಯ ಮೇಲೆಯೇ ಇರುತ್ತವೆ. ಹೇಳಿದ ಹೊತ್ತಿಗೆ ಹೊರಡಲಿಲ್ಲ. ಹೊತ್ತಿಗೆ ಮುಂಚೆಯೇ ದಡಕ್ಕೆ ತಿರುಗಿಸಿದರು. ದಾರ ಸಿಕ್ಕುಬಿದ್ದಾಗ ಮಕ್ಕಳ ಮುಂದೆ ಬೈದರು. ಅತಿಥಿಯನ್ನು ಕೂರಿಸಿ ತಾವೇ ಗಾಳ ಹಾಕಿದರು. ಇಡೀ ದಿನ ಫೋನಿನಲ್ಲೇ ಇದ್ದರು. ಇವುಗಳಲ್ಲಿ ಒಂದನ್ನು ಸರಿಪಡಿಸಲಿಕ್ಕೂ ಹೊಸ ಎಂಜಿನ್ ಬೇಕಿಲ್ಲ, ಬ್ಯಾಂಕಿನ ಸಾಲ ಬೇಕಿಲ್ಲ.

ಕಾವೇರಿ ದಂಡೆಯ ಪಾಠ

ಈ ಕಸುಬಿನಲ್ಲಿ ಹೆಸರು ಪಡೆದ ದೃಷ್ಟಾಂತ ನಮ್ಮ ನಾಡಿನಲ್ಲಿಯೂ ಇದೆ. ಕಾವೇರಿಯ ಮಹಶೀರ್ ಮೀನು ಗಾತ್ರಕ್ಕೆ, ಬಲಕ್ಕೆ ಲೋಕಪ್ರಸಿದ್ಧವಾದುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳದಿಂದ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹವ್ಯಾಸಿಗಳು ಈ ಮೀನನ್ನು ಹುಡುಕಿಕೊಂಡು ಕಾವೇರಿಗೆ ಬಂದರು. 1980ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಮುಂದೆ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಶಿಬಿರ ನಡೆಸಿತು. ಅಲ್ಲಿ ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವುದು ನಿಯಮವಾಗಿತ್ತು.

ಆ ಶಿಬಿರಗಳಿಗೆ ಹೆಸರು ತಂದವರು ಅಲ್ಲಿಯ ಹಳ್ಳಿಗಳ ಹರಿಗೋಲಿನವರು. ಅವರಲ್ಲಿ ಕೆಲವರು ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರು. ಹೊಳೆಯ ಯಾವ ಮಡುವಿನಲ್ಲಿ, ಯಾವ ಬಂಡೆಯ ಮರೆಯಲ್ಲಿ ಮೀನು ನಿಲ್ಲುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಬೇರೆ ಇರಲಿಲ್ಲ. ಸಂಬಳ ಕೊಟ್ಟು, ಜವಾಬ್ದಾರಿ ವಹಿಸಿದಾಗ ಅದೇ ಜನ ಮೀನಿನ ಕಾವಲುಗಾರರಾದರು. ಗಾಳಕ್ಕೆ ಅವರು ಕಟ್ಟುತ್ತಿದ್ದ ಎರೆ ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಮಾಡಿದ ಉಂಡೆ. ಸಾವಿರಾರು ಮೈಲಿ ದಾಟಿ ಬಂದ ಅತಿಥಿಗೆ ಬೇಕಾಗಿದ್ದುದು ನಮ್ಮ ರಾಗಿ ಮತ್ತು ನಮ್ಮವರ ಹೊಳೆಯ ಜ್ಞಾನ ಎಂಬುದನ್ನು ಗಮನಿಸಿರಿ. ಭಾಷೆ ಬಾರದ ಅತಿಥಿಯೊಡನೆ ಸನ್ನೆಯಲ್ಲೇ ಕೆಲಸ ನಡೆಸಿ ಮೆಚ್ಚುಗೆ ಪಡೆದವರು ಅವರು. ಇಂಗ್ಲಿಷ್ ಬಾರದೆ ಅತಿಥಿಸೇವೆ ಸಾಧ್ಯವಿಲ್ಲ ಎಂದು ಹಿಂಜರಿಯುವ ತರುಣರು ಇದನ್ನು ನೆನಪಿನಲ್ಲಿಡಬೇಕು.

ಆ ಪ್ರದೇಶವು 1987ರಲ್ಲಿ ರಚನೆಯಾದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದರಿಂದ, ಕಾನೂನಿನ ಕಾರಣವಾಗಿ 2010ರ ನಂತರದ ವರ್ಷಗಳಲ್ಲಿ ಆ ಶಿಬಿರಗಳಲ್ಲಿ ಗಾಳ ಹಾಕುವುದನ್ನು ನಿಲ್ಲಿಸಲಾಯಿತು. 2018ರಲ್ಲಿ ವಿಜ್ಞಾನಿಗಳು ಕಾವೇರಿಯ ಈ ಡುಬ್ಬದ ಮಹಶೀರನ್ನು ಟಾರ್ ರೇಮಾದೇವಿ ಎಂಬ ಜಾತಿಯೆಂದು ಗುರುತಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಆದಕಾರಣ ಇಂದು ಈ ಕಸುಬಿಗೆ ಇಳಿಯುವವರು ಅದೇ ಮೀನಿನ ಬೆನ್ನು ಹತ್ತಬೇಕೆಂದು ನಾನು ಹೇಳುತ್ತಿಲ್ಲ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಇರುವ ಕೆರೆ, ಜಲಾಶಯಗಳಿಗೂ ಕಾವೇರಿಯ ಹರಿಗೋಲಿನವರ ನಡತೆಯ ಪಾಠ ಹಾಗೆಯೇ ಅನ್ವಯಿಸುತ್ತದೆ.

‘ಆಗದು’ ಎನ್ನುವುದೇ ಮೊದಲ ಸೇವೆ

ಅತಿಥಿ ದೇವರಿದ್ದಂತೆ ಎಂಬುದು ನಮ್ಮ ಸಂಸ್ಕಾರ. ಆದರೆ ದಡದ ಮೇಲೆ ದೇವರಾದವನು ನೀರಿನ ಮೇಲೆ ಮಗುವಿದ್ದಂತೆ. ಮಗು ಕೇಳಿದ್ದನ್ನೆಲ್ಲ ಕೊಡುವವರು ಹೆತ್ತವರಲ್ಲ. ಇನ್ನಿಬ್ಬರು ಹತ್ತಿಕೊಳ್ಳಲಿ ಎಂದು ಅತಿಥಿ ಕೇಳುತ್ತಾನೆ. ಸೆಕೆಯೆಂದು ಜೀವರಕ್ಷಕ ಜಾಕೀಟು ಕಳಚುತ್ತಾನೆ. ಹರಿಗೋಲಿನಲ್ಲಿ ಎದ್ದು ನಿಂತು ಚಿತ್ರ ತೆಗೆಸಿಕೊಳ್ಳಲು ಹವಣಿಸುತ್ತಾನೆ. ಮೋಡ ಕಟ್ಟಿದ್ದರೂ ಇನ್ನರ್ಧ ಗಂಟೆ ಇರೋಣ ಎನ್ನುತ್ತಾನೆ. ಈ ಪ್ರತಿಯೊಂದಕ್ಕೂ ‘ಹಾಗೇ ಆಗಲಿ’ ಎನ್ನುವವನು ಸೇವೆ ಮಾಡಿದಂತಲ್ಲ, ತನ್ನ ಹೊಣೆಯನ್ನು ಅತಿಥಿಯ ತಲೆಗೆ ಕಟ್ಟಿದಂತೆ.

ಇದರ ಪರಿಣಾಮವೇನೆಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1951ರ ಸೆಪ್ಟೆಂಬರ್ 1ರಂದು, ಮೇಲೆ ಹೇಳಿದ ಮಾಂಟಾಕ್ ಊರಿನಿಂದ ‘ಪೆಲಿಕನ್’ ಎಂಬ ಬಾಡಿಗೆ ಮೀನುಗಾರಿಕೆ ದೋಣಿ ಹೊರಟಿತು. ರಜೆಯ ದಿನ. ನ್ಯೂಯಾರ್ಕ್ ನಗರದಿಂದ ಹವ್ಯಾಸಿ ಮೀನುಗಾರರನ್ನು ಕರೆತರುವ ವಿಶೇಷ ರೈಲು ಬಂದು ನಿಂತೊಡನೆ ಜನ ಓಡಿಬಂದು ದೋಣಿಗಳನ್ನು ಹತ್ತಿದ್ದರು. ಪೆಲಿಕನ್ ಹೊರುವ ಶಕ್ತಿಗೆ ಎರಡು ಪಟ್ಟು ಮೀರಿ ಸಿಬ್ಬಂದಿ ಸೇರಿ 64 ಜನ ಅದರಲ್ಲಿದ್ದರು. ಗಾಳಿ ಎದ್ದಿತು, ಒಂದು ಎಂಜಿನ್ ಕೆಟ್ಟಿತು, ದಡಕ್ಕೆ ಮರಳುವಾಗ ಅಲೆಗೆ ಸಿಕ್ಕಿ ದೋಣಿ ಮಗುಚಿತು. ದೋಣಿಯ ಮುಖ್ಯಸ್ಥನೂ ಸೇರಿ 45 ಜನ ಸತ್ತರು. ಈ ದುರಂತದ ತರುವಾಯ 1956ರಲ್ಲಿ, ಆರಕ್ಕಿಂತ ಹೆಚ್ಚು ಮಂದಿಯನ್ನು ಬಾಡಿಗೆಗೆ ಕರೆದೊಯ್ಯುವ ದೋಣಿಗಳ ತಪಾಸಣೆಯನ್ನು ಅಲ್ಲಿ ಕಾನೂನಿನಿಂದ ಕಡ್ಡಾಯಗೊಳಿಸಲಾಯಿತು. ಅಂದು ದಡದಲ್ಲಿ ನಿಂತು ‘ಜಾಗ ಮುಗಿಯಿತು ಸ್ವಾಮಿ’ ಎನ್ನಬೇಕಾಗಿದ್ದ ಒಂದು ಮಾತು ಹೊರಡಲಿಲ್ಲ.

ದೂರದ ಮಾತು ಬೇಡ ಎಂದರೆ ಹತ್ತಿರದ್ದನ್ನೇ ನೋಡಿರಿ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರಕ್ಕೆಂದು ಮಾರ್ಪಡಿಸಿದ್ದ ಮೀನುಗಾರಿಕೆ ದೋಣಿ ಮುಳುಗಿ 22 ಜನ ಸತ್ತರು. ಅವರಲ್ಲಿ ಬಹಳ ಮಂದಿ ಮಕ್ಕಳು. ಎರಡು ಕಡೆಯೂ ದೋಣಿಯಲ್ಲಿ ಅಳತೆಗೆ ಮೀರಿ ಜನರಿದ್ದರು. ಒಂದೇ ಕುಟುಂಬದ ಹಲವರು ಒಂದೇ ದೋಣಿಯಲ್ಲಿ ಕೂರುವುದರಿಂದ ಇಂಥ ಅನಾಹುತದಲ್ಲಿ ಮನೆಗೆ ಮನೆಯೇ ಬರಿದಾಗುತ್ತದೆ. ಇನ್ನಿಬ್ಬರನ್ನು ಹತ್ತಿಸಿಕೊಂಡು ಬರುವ ಬಾಡಿಗೆ ಎಷ್ಟು, ಹೋಗುವ ಜೀವದ ಬೆಲೆ ಎಷ್ಟು ಎಂದು ತೂಗಿ ನೋಡಿರಿ.

‘ಆಗದು’ ಎನ್ನಲು ಗಂಟಲು ಎತ್ತರಿಸಬೇಕಾಗಿಲ್ಲ. ಹೇಳುವ ರೀತಿಯೊಂದಿದೆ. ಹೊರಡುವ ಮುಂಚೆಯೇ, ಎಲ್ಲರೂ ದಡದ ಮೇಲಿರುವಾಗ, ನಿಯಮಗಳನ್ನು ನಗುಮುಖದಿಂದ ತಿಳಿಸಬೇಕು. ‘ಅಮ್ಮಾ, ಮಗುವಿಗೂ ಜಾಕೀಟು ಹಾಕಿಯೇ ಹೊರಡೋಣ. ಹರಿಗೋಲು ದುಂಡಗಿದೆ, ಒಬ್ಬರು ಎದ್ದರೆ ಎಲ್ಲರೂ ವಾಲುತ್ತೇವೆ’ ಎಂದು ಕಾರಣ ಸಹಿತ ಹೇಳಿದರೆ ಬೇಡವೆನ್ನುವವರು ಕಡಮೆ. ಕಾರಣ ಹೇಳದೆ ನಡುನೀರಿನಲ್ಲಿ ಗದರಿದರೆ ಅದೇ ಮಾತು ಅವಮಾನವಾಗುತ್ತದೆ. ದೋಣಿಯವನು ತಾನೇ ಜಾಕೀಟು ತೊಟ್ಟಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ತಾನು ತೊಡದವನ ಮಾತನ್ನು ಯಾರೂ ಕೇಳರು.

ಹವಾಮಾನದ ವಿಷಯದಲ್ಲಂತೂ ರೈತನಾದ ದೋಣಿಯವನಿಗೆ ಒಂದು ಅನುಕೂಲವಿದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಮೋಡ ಹೇಗೆ ಏಳುತ್ತದೆ, ಮಳೆಗೆ ಮುಂಚೆ ಗಾಳಿ ಹೇಗೆ ಬೀಸುತ್ತದೆ ಎಂಬುದನ್ನು ಅವನು ಹೊಲದಲ್ಲೇ ಕಂಡಿರುತ್ತಾನೆ. ಕೃಷಿ ವಿಶ್ವವಿದ್ಯಾಲಯಗಳ ಹವಾಮಾನ ಘಟಕಗಳು ಬಿತ್ತನೆಗೆ, ಔಷಧಿ ಸಿಂಪಡಣೆಗೆಂದು ಮಂಗಳವಾರ ಮತ್ತು ಶುಕ್ರವಾರ ಹೊರಡಿಸುವ ಸಲಹೆಯನ್ನು ದೋಣಿಯ ಕೆಲಸಕ್ಕೂ ಬಳಸಿಕೊಳ್ಳಬಹುದು. ಸಿಡಿಲಿನ ಮುನ್ಸೂಚನೆ ನೀಡುವ ‘ದಾಮಿನಿ’ ಎಂಬ ಸೌಲಭ್ಯವನ್ನು ಫೋನಿನಲ್ಲಿ ಅಳವಡಿಸಿಕೊಳ್ಳಬೇಕು. ಈಗಿನ ಗಾಳದ ಕೋಲುಗಳಲ್ಲಿ ಹಲವು ಇಂಗಾಲದ ಎಳೆಗಳಿಂದ ಮಾಡಿದವು. ಅವುಗಳಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಬಯಲು ನೀರಿನ ನಡುವೆ ಅಂಥ ಕೋಲನ್ನು ಎತ್ತಿ ಹಿಡಿದು ಕೂರುವುದೆಂದರೆ ಸಿಡಿಲನ್ನು ಕರೆದಂತೆ. ಗುಡುಗು ಕೇಳಿದೊಡನೆ ಕೋಲು ಮಲಗಿಸಿ ದಡ ಸೇರತಕ್ಕದ್ದು. ಅಣೆಕಟ್ಟಿನ ಕೆಳಗಣ ಹೊಳೆಯಲ್ಲಿ ದೋಣಿ ನಡೆಸುವವರು ನೀರು ಬಿಡುವ ಹೊತ್ತನ್ನು ಅಣೆಕಟ್ಟಿನ ಕಚೇರಿಯಿಂದ ಪ್ರತಿದಿನ ವಿಚಾರಿಸಿ ತಿಳಿದಿರಬೇಕು.

ಮನಸ್ತಾಪ ಹುಟ್ಟುವ ಮೂರು ಕಡೆ

ದೋಣಿಯವರಿಗೂ ಅತಿಥಿಗೂ ಮನಸ್ತಾಪ ಬರುವುದು ಹೆಚ್ಚಾಗಿ ಮೂರು ವಿಷಯಗಳಲ್ಲಿ.

ಮೊದಲನೆಯದು ಸಿಡುಕು. ಬರುವವರಲ್ಲಿ ಬಹುಪಾಲು ಜನ ಗಾಳ ಹಿಡಿದವರೇ ಅಲ್ಲ. ದಾರ ಸಿಕ್ಕುಬೀಳುತ್ತದೆ, ಎರೆ ಉದುರುತ್ತದೆ, ಬಿದ್ದ ಮೀನು ತಪ್ಪಿಸಿಕೊಳ್ಳುತ್ತದೆ. ಇಡೀ ದಿನ ಇದನ್ನೇ ನೋಡುವವನಿಗೆ ಬೇಸರ ಬರುವುದು ಸಹಜ. ಆದರೆ ನೇಗಿಲು ಹಿಡಿದ ಮೊದಲ ದಿನ ಯಾರ ಸಾಲು ನೇರವಾಗಿತ್ತು? ಹೊರಡುವ ಮುಂಚೆ ದಡದ ಮೇಲೆ ಹತ್ತು ನಿಮಿಷ ಕೋಲು ಬೀಸುವುದನ್ನು ಕಲಿಸಿದರೆ ನೀರಿನ ಮೇಲಿನ ಅರ್ಧ ಸಿಕ್ಕು ತಪ್ಪುತ್ತದೆ. ಹೆಂಗಸರು, ಮಕ್ಕಳು ಇರುವ ದೋಣಿಯಲ್ಲಿ ಮಾತಿನ ಮೇಲೆ, ನೋಟದ ಮೇಲೆ ಹಿಡಿತವಿರಬೇಕು. ಕೇಳದೆ ಅವರ ಚಿತ್ರ ತೆಗೆಯಬಾರದು. ಅರ್ಧ ದಿನ ನೀರಿನ ಮೇಲಿರುವ ಹೆಂಗಸರಿಗೆ ಶೌಚದ ತೊಂದರೆ ಎಷ್ಟೆಂಬುದನ್ನು ದೋಣಿಯವರು ಯೋಚಿಸಿಯೇ ಇರುವುದಿಲ್ಲ. ಅವರು ಬಾಯಿಬಿಟ್ಟು ಕೇಳಲಾರರು. ದಂಡೆಯಲ್ಲಿ ಚೊಕ್ಕಟವಾದ ಶೌಚಾಲಯವೊಂದನ್ನು ಕಟ್ಟಿ, ನಡುವೆ ಒಮ್ಮೆ ದಡಕ್ಕೆ ಬರುತ್ತೇವೆಂದು ಮೊದಲೇ ಹೇಳಿದರೆ ಅದಕ್ಕಿಂತ ದೊಡ್ಡ ಉಪಚಾರವಿಲ್ಲ.

ಎರಡನೆಯದು ಭಕ್ಷೀಸು. ಅಮೆರಿಕದಲ್ಲಿ ಕಲಾಸಿಯ ಸಂಪಾದನೆಯ ದೊಡ್ಡ ಪಾಲು ಅತಿಥಿ ಕೊಡುವ ಭಕ್ಷೀಸೇ. ಬಾಡಿಗೆಯ ನೂರಕ್ಕೆ 15ರಿಂದ 20 ಪಾಲು ಕೊಡುವುದು ಅಲ್ಲಿಯ ರೂಢಿ. ಈ ಪದ್ಧತಿಯನ್ನು ನಾವು ಅನುಸರಿಸಬಾರದೆಂದು ನನ್ನ ಖಚಿತ ಅಭಿಪ್ರಾಯ. ಭಕ್ಷೀಸನ್ನೇ ನಂಬಿದ ಆಳು ಕೊಡುವವನಂತೆ ಕಂಡವನಿಗೆ ಹಲ್ಲು ಕಿರಿಯುತ್ತಾನೆ, ಕೊಡದವನಂತೆ ಕಂಡವನಿಗೆ ಮುಖ ಗಂಟಿಕ್ಕುತ್ತಾನೆ. ಅದಕ್ಕಿಂತ ಕೆಟ್ಟದ್ದು, ‘ಆಗದು’ ಎಂದರೆ ಭಕ್ಷೀಸು ತಪ್ಪೀತೆಂದು ಹೆದರಿ, ಎನ್ನಬೇಕಾದಲ್ಲಿಯೂ ಸುಮ್ಮನಿರುತ್ತಾನೆ. ದೋಣಿಯ ಯಜಮಾನನು ಆಳಿಗೆ ದಿನಗೂಲಿಯನ್ನು ಗೊತ್ತುಮಾಡಿ, ಮೀನು ಬಿದ್ದರೂ ಬೀಳದಿದ್ದರೂ, ಗಾಳಿಯ ಕಾರಣ ದೋಣಿ ಹೊರಡದಿದ್ದರೂ ಕೊಡಬೇಕು. ಅತಿಥಿ ಸಂತೋಷದಿಂದ ಕೊಟ್ಟದ್ದನ್ನು ಒಂದು ಡಬ್ಬಿಯಲ್ಲಿ ಹಾಕಿ ಎಲ್ಲರೂ ಹಂಚಿಕೊಳ್ಳಲಿ. ಕೇಳುವುದು ಮಾತ್ರ ಸಲ್ಲದು.

ಮೂರನೆಯದು ಮೀನಿನ ಪಾಲು. ಬಿದ್ದ ಮೀನು ಅತಿಥಿಯದೋ ದೋಣಿಯವನದೋ ಎಂಬುದನ್ನು ದಡ ಬಿಡುವ ಮುಂಚೆ ಇತ್ಯರ್ಥ ಮಾಡದಿದ್ದರೆ ಸಂಜೆ ಜಗಳ ಖಂಡಿತ. ಇಷ್ಟು ಮೀನು ನಿಮಗೆ, ಉಳಿದದ್ದು ನೀರಿಗೆ. ಹಸನು ಮಾಡುವ ಕೂಲಿ ಬಾಡಿಗೆಯಲ್ಲೇ ಸೇರಿದೆ ಅಥವಾ ಇಷ್ಟು ಎಂದು ಹಲಗೆಯ ಮೇಲೆ ಬರೆದಿರಬೇಕು. ಹಸನು ಮಾಡುವಾಗ ಅತಿಥಿಯ ಕಣ್ಣೆದುರಿಗೇ ಮಾಡಬೇಕು. ಒಂದು ತುಂಡು ಮರೆಯಾಯಿತೆಂಬ ಸಂಶಯ ಬಂದರೆ ಇಡೀ ದಿನದ ಸಂತೋಷ ಹಾಳಾಗುತ್ತದೆ.

ಇನ್ನು ಹೆಂಡದ ಮಾತು. ದೋಣಿಗೆ ಹೆಂಡ ತರುವ ಅತಿಥಿ ಇದ್ದಾನೆ, ಕುಡಿಸಿದರೆ ಕುಡಿಯುವ ಆಳೂ ಇದ್ದಾನೆ. ಇಬ್ಬರಿಗೂ ದೋಣಿಯಲ್ಲಿ ಜಾಗವಿರಬಾರದು. ಇದರಲ್ಲಿ ರಾಜಿ ಮಾಡಿಕೊಂಡ ಕಡವಿಗೆ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರುವ ಸಂಸಾರಸ್ಥರು ಎರಡನೆಯ ಸಲ ಕಾಲಿಡುವುದಿಲ್ಲ.

ಮೀನಿಗೂ ಒಂದು ಮರ್ಯಾದೆ

ಬೀಜದ ಕಾಳನ್ನು ತಿಂದ ರೈತ ಮುಂದಿನ ವರ್ಷ ಏನು ಬಿತ್ತುತ್ತಾನೆ? ಹೊಳೆಯ ಮೀನೂ ಹಾಗೆಯೇ. ಮುಂಗಾರಿನ ಮೊದಲ ನೆರೆಯ ಕಾಲ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ. ಆಗ ಗಾಳಕ್ಕೆ ಬಿಡುವು ಕೊಡಬೇಕು. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಯ ನಿಷೇಧವಿರುವುದು ಇದೇ ಕಾರಣಕ್ಕೆ. ಶೃಂಗೇರಿ, ಶಿಶಿಲ, ರಾಮನಾಥಪುರ ಮುಂತಾದ ಕಡೆ ದೇವರ ಮೀನೆಂದು ಜನರೇ ಕಾಪಾಡಿಕೊಂಡು ಬಂದ ಮಡುಗಳಿವೆ. ಅಂಥ ಕಡೆ, ಮತ್ತು ವನ್ಯಜೀವಿ ಧಾಮಗಳ ಒಳಗೆ, ಗಾಳದ ಮಾತೇ ಎತ್ತಬಾರದು. ಎಷ್ಟು ಹಣ ಕೊಟ್ಟರೂ ಅಲ್ಲಿಗೆ ಕರೆದೊಯ್ಯೆನೆಂದು ಅತಿಥಿಗೆ ಹೇಳುವುದೂ ಮೇಲೆ ಹೇಳಿದ ‘ಆಗದು’ಗಳಲ್ಲಿ ಒಂದು.

ಹಿಡಿದು ಬಿಡುವ ಮೀನು ಬದುಕಬೇಕಾದರೆ ಬಿಡುವ ಕ್ರಮ ಗೊತ್ತಿರಬೇಕು. ಗಾಳದ ಮುಳ್ಳಿನ ಹಿಂಗೊಕ್ಕೆಯನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಬಾಯಿ ಹರಿಯುವುದು ತಪ್ಪುತ್ತದೆ. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಒಣ ಕೈ ತಗುಲಿದರೆ ಮೈಮೇಲಿನ ಲೋಳೆಪದರ ಕಿತ್ತುಬಂದು ಮೀನಿಗೆ ರೋಗ ತಗಲುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಬಾರದು. ಚಿತ್ರ ತೆಗೆಯುವುದಾದರೆ ನೀರಿಗೆ ಹತ್ತಿರವಾಗಿ ಹಿಡಿದು ಕೆಲವೇ ಕ್ಷಣಗಳಲ್ಲಿ ಮುಗಿಸಬೇಕು. ಬಳಿಕ ಮೀನನ್ನು ಹರಿವಿಗೆ ಎದುರುಮುಖವಾಗಿ ನೀರಿನಲ್ಲಿ ನೆಟ್ಟಗೆ ಹಿಡಿದು, ಅದು ತಾನಾಗಿ ಕೈಬಿಡಿಸಿಕೊಂಡು ಹೋಗುವವರೆಗೆ ಕಾಯಬೇಕು. ಬೇಸಿಗೆಯಲ್ಲಿ ನೀರು ಬಿಸಿಯೇರಿದಾಗ ಅದರಲ್ಲಿ ಕರಗಿರುವ ಆಮ್ಲಜನಕ ಕಡಮೆಯಾಗುವುದರಿಂದ, ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು. ಆದ್ದರಿಂದ ಸುಡುಬಿಸಿಲಿನ ದಿನಗಳಲ್ಲಿ ಬೆಳಗಿನ ಹೊತ್ತಿನಲ್ಲೇ ಗಾಳದ ಕೆಲಸ ಮುಗಿಸುವುದು ಲೇಸು. ಅತಿಥಿಗೆ ಇದನ್ನೆಲ್ಲ ವಿವರಿಸಿ ಹೇಳುವ ದೋಣಿಯವನನ್ನು ಅವನು ಕೂಲಿಯವನೆಂದು ಕಾಣುವುದಿಲ್ಲ, ಗುರುವೆಂದು ಕಾಣುತ್ತಾನೆ.

‘ನಾನು ಬೇಡವೆಂದರೆ ಪಕ್ಕದವನು ಹತ್ತಿಸಿಕೊಳ್ಳುತ್ತಾನೆ’

ಇಷ್ಟೆಲ್ಲ ಓದಿದ ದೋಣಿಯವರು ಒಂದು ಮಾತು ಹೇಳಿಯೇ ಹೇಳುತ್ತಾರೆ: ‘ಸ್ವಾಮೀ, ನಾನು ಆಗದು ಎಂದರೆ ಅತಿಥಿ ಪಕ್ಕದ ದೋಣಿಗೆ ಹೋಗುತ್ತಾನೆ. ನನ್ನ ಹೊಟ್ಟೆಯ ಮೇಲೆ ನಾನೇ ಕಲ್ಲು ಹಾಕಿಕೊಳ್ಳಬೇಕೆ?’ ಇದು ತಳ್ಳಿಹಾಕುವ ಮಾತಲ್ಲ. ಒಬ್ಬನ ಧೈರ್ಯಕ್ಕೆ ಮಿತಿಯಿದೆ. ಆದರೆ ಕಾಲುವೆಯ ನೀರನ್ನು ಪಾಳಿಯ ಮೇಲೆ ಹಂಚಿಕೊಳ್ಳುವುದು ನಮ್ಮ ರೈತರಿಗೆ ಗೊತ್ತು. ಒಬ್ಬ ತೂಬು ಒಡೆದರೆ ಊರೇ ಎದ್ದು ಕೇಳುತ್ತದೆ. ಒಂದು ಕಡವಿನ ದೋಣಿಯವರೆಲ್ಲ ಕೂಡಿ ಇಂಥದೇ ಕಟ್ಟುಪಾಡು ಮಾಡಿಕೊಂಡರೆ ‘ಆಗದು’ ಎಂಬುದು ಒಬ್ಬನ ಮಾತಾಗಿ ಉಳಿಯದೆ ಕಡವಿನ ಮಾತಾಗುತ್ತದೆ. ಈ ಕೆಳಗಿನವನ್ನು ಅಂಥ ಕಟ್ಟುಪಾಡಿನಲ್ಲಿ ಸೇರಿಸಬಹುದು.

1. ಪ್ರತಿ ದೋಣಿಗೆ ಎಷ್ಟು ಜನ ಎಂಬುದನ್ನು ದೋಣಿಯ ಮೈಮೇಲೆ ದಪ್ಪ ಅಕ್ಷರದಲ್ಲಿ ಬರೆಯಿಸುವುದು; ಮಕ್ಕಳನ್ನೂ ಲೆಕ್ಕಕ್ಕೆ ಸೇರಿಸುವುದು.

2. ತಲೆಗೊಂದು ಜೀವರಕ್ಷಕ ಜಾಕೀಟು. ಮಕ್ಕಳ ಅಳತೆಯದು ಪ್ರತ್ಯೇಕ. ಹರಿದದ್ದನ್ನು ಆ ದಿನವೇ ತೆಗೆದುಹಾಕುವುದು.

3. ಸೂರ್ಯಾಸ್ತಕ್ಕೆ ಮುಂಚೆ ಎಲ್ಲ ದೋಣಿಗಳೂ ದಡ ಸೇರುವುದು. ಗಾಳಿ, ಗುಡುಗು ಇದ್ದರೆ ಒಂದೂ ಹೊರಡದಿರುವುದು. ಹಣ ವಾಪಸು ಅಥವಾ ಬೇರೆ ದಿನ ಕೊಡುವುದು.

4. ಬಾಡಿಗೆ, ಅವಧಿ, ಮೀನಿನ ಪಾಲು ಇವುಗಳನ್ನು ಕಡವಿನಲ್ಲಿ ಹಲಗೆಯ ಮೇಲೆ ಬರೆಯುವುದು. ಎಲ್ಲರದೂ ಒಂದೇ ದರ, ದೋಣಿಗಳಿಗೆ ಪಾಳಿ.

5. ಹೋದವರ ಹೆಸರು, ಹೊರಟ ಹೊತ್ತು, ಮರಳುವ ಹೊತ್ತುಗಳನ್ನು ದಡದಲ್ಲಿ ಒಂದು ಪುಸ್ತಕದಲ್ಲಿ ಬರೆದಿಡುವುದು.

6. ಕುಡಿದ ಆಳಿಗೆ ಆ ದಿನ ಕೆಲಸವಿಲ್ಲ; ಕುಡಿದ ಅತಿಥಿಗೆ ದೋಣಿಯಿಲ್ಲ.

7. ಕೆರೆ, ಜಲಾಶಯದ ಮೀನಿನ ಹಕ್ಕು ಗ್ರಾಮ ಪಂಚಾಯಿತಿಯದೋ ಮೀನುಗಾರಿಕೆ ಇಲಾಖೆಯದೋ ಎಂದು ವಿಚಾರಿಸಿ ಲಿಖಿತ ಒಪ್ಪಿಗೆ ಪಡೆಯುವುದು. ಗುತ್ತಿಗೆ ಹಿಡಿದ ಮೀನುಗಾರರ ಸಂಘವಿದ್ದರೆ ಅವರನ್ನೂ ಪಾಲುದಾರರನ್ನಾಗಿ ಮಾಡಿಕೊಳ್ಳುವುದು.

8. ಎಂಜಿನ್ ಇರುವ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯಿದೆಯಂತೆ ನೋಂದಣಿ ಮತ್ತು ವಿಮೆ ಮಾಡಿಸುವುದು.

ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚು ಅತ್ಯಲ್ಪ. ಬೇಕಾದುದು ಒಗ್ಗಟ್ಟು. ಕಟ್ಟುಪಾಡು ಮುರಿದವನಿಗೆ ಒಂದು ವಾರ ಪಾಳಿ ತಪ್ಪಿಸಿದರೆ ಪೊಲೀಸರ ಅಗತ್ಯವೇ ಬೀಳದು. ಊರಿನಲ್ಲಿ ಒಂದು ದೋಣಿ ಮಗುಚಿದರೆ ಅತಿಥಿಗಳು ಆ ದೋಣಿಯನ್ನಷ್ಟೇ ಬಿಡುವುದಿಲ್ಲ, ಆ ಊರನ್ನೇ ಬಿಡುತ್ತಾರೆ. ಆಗ ದೋಣಿಯವನ ಜೊತೆಗೆ ಊಟ ಬಡಿಸುವ ಮನೆಯವರ, ಎಳನೀರು ಮಾರುವವರ, ಕೋಣೆ ಬಾಡಿಗೆ ಕೊಡುವವರ ಆದಾಯವೂ ನಿಲ್ಲುತ್ತದೆ. ಆದ್ದರಿಂದ ಇದು ಊರಿಗೆಲ್ಲ ಸೇರಿದ ಪ್ರಶ್ನೆ.

ನಾವೂ ಗಿರಾಕಿಗಳೇ

ದೋಣಿ ಇಲ್ಲದ ಓದುಗರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ಪುಟ ಮಗುಚುವ ಮೊದಲು ಒಂದು ಕ್ಷಣ ನಿಲ್ಲಬೇಕು. ಭತ್ತದ ಕಟಾವು ಯಂತ್ರಕ್ಕೆ ಮುಂಗಡ ಕೊಟ್ಟು ಕಾದವರು ನೀವು. ಯಂತ್ರದವನು ಹೇಳಿದ ದಿನ ಬಾರದೆ, ಬಂದ ದಿನ ಮೂಲೆಯ ಪೈರನ್ನು ಬಿಟ್ಟು, ಕೇಳಿದರೆ ಸಿಡುಕಿ, ಗಂಟೆಯ ಲೆಕ್ಕದಲ್ಲಿ ಹೆಚ್ಚು ಬರೆದುಕೊಂಡು ಹೋದಾಗ ಆದ ಸಂಕಟ ನಿಮಗೆ ಗೊತ್ತಿದೆ. ಅದೇ ಕೆಲಸಕ್ಕೆ ಬಂದ ಇನ್ನೊಬ್ಬ, ‘ಯಜಮಾನರೇ, ಗದ್ದೆ ಇನ್ನೂ ಹಸಿ ಇದೆ, ಇಂದು ಇಳಿಸಿದರೆ ಯಂತ್ರ ಹೂತು ನಿಮ್ಮ ಕಾಳೂ ಹಾಳಾಗುತ್ತದೆ, ಎರಡು ದಿನ ಬಿಟ್ಟು ಬರುತ್ತೇನೆ’ ಎಂದು ಹೇಳಿ, ಹೇಳಿದಂತೆ ಬಂದಿದ್ದರೆ ಅವನ ನಂಬರನ್ನು ಇಂದಿಗೂ ಜೋಪಾನ ಮಾಡಿರುತ್ತೀರಿ. ದುಡ್ಡು ಕೊಡುವವನಿಗೆ ಆಗದು ಎಂದು ಹೇಳಿಯೂ ಅವನ ವಿಶ್ವಾಸವನ್ನು ಗಳಿಸುವುದೆಂದರೆ ಇದೇ. ಗಿರಾಕಿಯ ಕಷ್ಟವೇನೆಂದು ಬಲ್ಲ ರೈತನಿಗೆ, ತಾನು ಸೇವೆ ಒದಗಿಸುವ ಸ್ಥಾನದಲ್ಲಿ ನಿಂತಾಗ ಬೇರೆ ಪಾಠ ಬೇಕಾಗಿಲ್ಲ.

ಬರುವ ಹಂಗಾಮಿನಲ್ಲಿ ದೋಣಿ ಇಳಿಸಬೇಕೆಂದಿರುವ ರೈತ ಬಾಂಧವರು ಗಾಳ ಕೊಳ್ಳುವ ಮುಂಚೆ ಕಡವಿನ ಎಲ್ಲ ದೋಣಿಯವರನ್ನೂ ಒಂದು ಸಂಜೆ ಕೂರಿಸಿ ಮೇಲಿನ ಎಂಟು ಅಂಶಗಳನ್ನು ಓದಿ ಹೇಳಿರಿ. ಒಪ್ಪಿದವುಗಳನ್ನು ಹಲಗೆಯ ಮೇಲೆ ಬರೆಯಿಸಿ ನೆಡಿರಿ. ಮೀನು ಎಷ್ಟು ಬಿದ್ದೀತೆಂದು ಅತಿಥಿಗೆ ಮಾತು ಕೊಡಬೇಡಿರಿ. ಹೊರಟಷ್ಟೇ ಜನರನ್ನು ಸಂಜೆ ಸುಖವಾಗಿ ದಡ ಮುಟ್ಟಿಸುತ್ತೇವೆಂದು ಮಾತು ಕೊಡಿರಿ. ಅದನ್ನು ವರ್ಷವಿಡೀ ತಪ್ಪದೆ ನಡೆಸಿಕೊಟ್ಟ ಕಡವಿಗೆ ಜನ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ.